ಫೀಸು ಮಾಫಿ ಆಯ್ತು, ಬಸ್ ಚಾರ್ಜು ಯಾರು ಕೊಡ್ತಾರೆ? ಅಮೆರಿಕದ ‘ಉಚಿತ ಕಾಲೇಜು’ ಸ್ಕಾಲರ್‌ಶಿಪ್‌ನ ಒಳಲೆಕ್ಕ

ಅಮೆರಿಕದ ಕಾಲೇಜು ಓದಿನ ಬಗ್ಗೆ ನಮ್ಮಲ್ಲಿ ಎರಡು ಮಾತು ಒಟ್ಟೊಟ್ಟಿಗೇ ಓಡಾಡ್ತಿರುತ್ತವೆ. ಒಂದು, ಅಲ್ಲಿ ಓದೋಕೆ ಮಾಡಿದ ಸಾಲ ತೀರಿಸೋದ್ರಲ್ಲೇ ಅರ್ಧ ಆಯಸ್ಸು ಹೋಗುತ್ತೆ ಅನ್ನೋದು. ಇನ್ನೊಂದು, ಅಲ್ಲಿ ಎಷ್ಟೋ ರಾಜ್ಯಗಳಲ್ಲಿ ಈಗ ಕಾಲೇಜು ಫ್ರೀ ಅನ್ನೋದು. ವಿಚಿತ್ರ ಅಂದ್ರೆ ಎರಡೂ ಸುಳ್ಳಲ್ಲ. ಇವತ್ತಿನ ಸಂಚಿಕೆಯಲ್ಲಿ ನಾನು ಮಾತಾಡೋದು ಎರಡನೆಯದರ ಬಗ್ಗೆ. ಅಂದ್ರೆ, ಸರ್ಕಾರದ ದುಡ್ಡಿನಲ್ಲಿ ನಡೆಯೋ ಕಮ್ಯುನಿಟಿ ಕಾಲೇಜು ಸ್ಕಾಲರ್‌ಶಿಪ್‌ಗಳು ನಿಜವಾಗಿ ಬಡವರಾದ ವಿದ್ಯಾರ್ಥಿಗಳ ಕೈಗೆ ಏನು ಕೊಡ್ತವೆ ಅನ್ನೋದು.

ಮೊದಲೇ ಒಂದು ಸಂಗತಿ ಹೇಳಿಬಿಡ್ತೀನಿ. ಟೆನೆಸಿ ಅನ್ನೋ ರಾಜ್ಯ 2015ರಿಂದ, ಹೈಸ್ಕೂಲ್ ಮುಗಿಸಿದ ತನ್ನ ಮಕ್ಕಳಿಗೆಲ್ಲ ಕಮ್ಯುನಿಟಿ ಕಾಲೇಜಿನ ಫೀಸು ಮಾಫಿ ಮಾಡಿದೆ. ಬಡವ, ಶ್ರೀಮಂತ ಅನ್ನೋ ಭೇದ ಇಲ್ಲ. ಆ ಯೋಜನೆಯ ದುಡ್ಡಿನಲ್ಲಿ ಕಡುಬಡವರ ಮನೆಯ ವಿದ್ಯಾರ್ಥಿಗೆ ಎಷ್ಟು ಸಿಗುತ್ತೆ ಗೊತ್ತಾ? ಸಾಮಾನ್ಯವಾಗಿ ಸೊನ್ನೆ. ಅನುಕೂಲಸ್ಥರ ಮನೆಯ ವಿದ್ಯಾರ್ಥಿಗೆ? ಪೂರ್ತಿ ಫೀಸು. ಯಾರೂ ಮೋಸ ಮಾಡಿಲ್ಲ, ಯಾರೂ ದುಡ್ಡು ಹೊಡೆದಿಲ್ಲ. ಲೆಕ್ಕ ಹಾಕೋ ಕ್ರಮವೇ ಹಾಗಿದೆ. ಆ ಕ್ರಮ ಏನು ಅಂತ ಅರ್ಥ ಮಾಡಿಕೊಂಡ್ರೆ ಉಳಿದದ್ದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತೆ.

ಕಮ್ಯುನಿಟಿ ಕಾಲೇಜು ಅಂದ್ರೆ ಏನು ಅನ್ನೋದನ್ನ ಮೊದಲು ನೋಡೋಣ. ನಮ್ಮಲ್ಲಿ ಅದಕ್ಕೆ ಸರಿಸಮಾನವಾದದ್ದು ಇಲ್ಲ. ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಐಟಿಐ, ಪಾಲಿಟೆಕ್ನಿಕ್, ಸಂಜೆ ಕಾಲೇಜು ಈ ನಾಲ್ಕನ್ನೂ ಒಂದೇ ಕಾಂಪೌಂಡಿನೊಳಗೆ ತಂದ್ರೆ ಹೇಗಿರುತ್ತೋ ಹಾಗೆ ಅಂದುಕೊಳ್ಳಿ. ಹೆಚ್ಚಿನ ಕಡೆ ಕಟ್‌ಆಫ್ ಇಲ್ಲ, ಹೈಸ್ಕೂಲ್ ಮುಗಿದಿದ್ರೆ ಸೀಟು ಉಂಟು. ಎರಡು ವರ್ಷದ ಪದವಿ ಮುಗಿಸಿ, ನಾಲ್ಕು ವರ್ಷದ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ಹೋಗಬಹುದು. ಇಲ್ಲಾ ನರ್ಸಿಂಗ್, ವೆಲ್ಡಿಂಗ್, ವಾಹನ ರಿಪೇರಿ ಅಂತ ಕೆಲಸದ ವಿದ್ಯೆ ಕಲಿತು ನೇರವಾಗಿ ಸಂಬಳಕ್ಕೆ ಸೇರಬಹುದು. ಇವುಗಳಲ್ಲಿ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜು, 1901ರದ್ದು. ಈಗ ದೇಶದಲ್ಲಿ ಇಂಥವು ಸುಮಾರು ಒಂದು ಸಾವಿರ ಇವೆ.

ಇಲ್ಲಿ ಓದೋರು ಯಾರು? ಸಿನಿಮಾದಲ್ಲಿ ತೋರಿಸೋ ಹಾಗೆ ಹುಲ್ಲುಹಾಸಿನ ಮೇಲೆ ಗಿಟಾರ್ ಹಿಡಿದು ಕೂತ ಹುಡುಗರಲ್ಲ. ಅರ್ಧಕ್ಕಿಂತ ಹೆಚ್ಚು ಜನ ಅರೆಕಾಲಿಕ ವಿದ್ಯಾರ್ಥಿಗಳು. ಬೆಳಗ್ಗೆ ಅಂಗಡಿಯಲ್ಲೋ ಗೋದಾಮಿನಲ್ಲೋ ದುಡಿದು ಸಂಜೆ ಕ್ಲಾಸಿಗೆ ಬರೋರು, ಮಗುವನ್ನ ಯಾರದೋ ಮನೆಯಲ್ಲಿ ಬಿಟ್ಟು ಬರೋ ತಾಯಂದಿರು, ಮೂವತ್ತು ದಾಟಿದ ಮೇಲೆ ಮತ್ತೆ ಪುಸ್ತಕ ಹಿಡಿದೋರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದೋರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಒಂದು ವರದಿ ಕೊಟ್ಟಿತ್ತು. ಹೈಸ್ಕೂಲ್ ಆದ ಮೇಲಿನ ಎರಡು ವರ್ಷದ ಓದು ಕೂಡ ಸರ್ಕಾರಿ ಶಾಲೆಯ ಹಾಗೆ ಉಚಿತವಾಗಿರಬೇಕು ಅಂತ ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು. ‘ಕಮ್ಯುನಿಟಿ ಕಾಲೇಜು’ ಅನ್ನೋ ಹೆಸರು ಜನರ ಬಾಯಿಗೆ ಬಂದದ್ದೂ ಆ ವರದಿಯಿಂದಲೇ. ಹಾಗಾಗಿ ಉಚಿತ ಕಾಲೇಜು ಅನ್ನೋದು ಇತ್ತೀಚಿನ ಚುನಾವಣಾ ಭಾಷಣದಲ್ಲಿ ಹುಟ್ಟಿದ ಮಾತಲ್ಲ, ಮುಕ್ಕಾಲು ಶತಮಾನದಿಂದ ಬಾಕಿ ಉಳಿದ ಮಾತು.

ಇನ್ನು ದುಡ್ಡಿಗೆ ಬರೋಣ. ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರ ಕೊಡೋ ಮುಖ್ಯ ನೆರವಿನ ಹೆಸರು ಪೆಲ್ ಗ್ರಾಂಟ್. ರೋಡ್ ಐಲೆಂಡ್‌ನ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರು ಅದಕ್ಕೆ. 1972ರ ಕಾನೂನಿನಲ್ಲಿ ಬೇರೆ ಹೆಸರಿನಿಂದ ಶುರುವಾಗಿ 1980ರಲ್ಲಿ ಪೆಲ್ ಅನ್ನೋ ಹೆಸರು ಪಡೆಯಿತು. ಇದು ಸಾಲ ಅಲ್ಲ, ವಾಪಸ್ ಕಟ್ಟಬೇಕಿಲ್ಲ. 2024-25ರ ಶೈಕ್ಷಣಿಕ ವರ್ಷದಲ್ಲಿ ಇದರ ಗರಿಷ್ಠ ಮೊತ್ತ 7,395 ಡಾಲರ್. ಮನೆಯ ಆದಾಯ ಸರ್ಕಾರ ಗೊತ್ತುಮಾಡಿದ ಬಡತನದ ಮಟ್ಟದ 175 ಪರ್ಸೆಂಟ್ ಒಳಗಿದ್ರೆ, ಅಥವಾ ಅಪ್ಪ-ಅಮ್ಮಂದಿರಲ್ಲಿ ಒಬ್ಬರೇ ಮಕ್ಕಳನ್ನ ಸಾಕ್ತಿದ್ದು ಆದಾಯ 225 ಪರ್ಸೆಂಟ್ ಒಳಗಿದ್ರೆ, ಪೂರ್ತಿ ಮೊತ್ತಕ್ಕೆ ಅರ್ಹತೆ. ಅರ್ಧ ಕೋರ್ಸ್ ತಗೊಂಡ್ರೆ ಅರ್ಧ ಹಣ.

ಪೆಲ್ ಗ್ರಾಂಟ್‌ನ ಒಂದು ಗುಣ ಗಮನಿಸಿ. ಅದು ಫೀಸಿಗೆ ಮಾತ್ರ ಅಂತ ಕಟ್ಟಿಹಾಕಿದ ದುಡ್ಡಲ್ಲ. ಕಾಲೇಜು ಮೊದಲು ತನ್ನ ಫೀಸನ್ನ ಹಿಡ್ಕೊಳ್ಳುತ್ತೆ, ಉಳಿದದ್ದನ್ನ ವಿದ್ಯಾರ್ಥಿಯ ಖಾತೆಗೆ ಹಾಕುತ್ತೆ. ಅಲ್ಲಿ ಅದನ್ನ ‘ರೀಫಂಡ್’ ಅಂತ ಕರೀತಾರೆ. ನನಗೆ ಈ ಹೆಸರೇ ಸರಿ ಕಾಣಲ್ಲ. ಏನೋ ಹೆಚ್ಚಿಗೆ ಕಟ್ಟಿದ್ದನ್ನ ವಾಪಸ್ ಕೊಟ್ಟ ಹಾಗೆ ಕೇಳಿಸುತ್ತೆ. ನಿಜಕ್ಕೆ ಅದು ಬಾಡಿಗೆ, ಊಟ, ಪುಸ್ತಕ, ಪೆಟ್ರೋಲಿಗೆ ಇರೋ ದುಡ್ಡು.

ಈಗ ಲೆಕ್ಕ. 2024-25ರಲ್ಲಿ ಕಮ್ಯುನಿಟಿ ಕಾಲೇಜುಗಳ ವಾರ್ಷಿಕ ಫೀಸು ದೇಶದ ಸರಾಸರಿಯಲ್ಲಿ 4,050 ಡಾಲರ್ ಅಂತ ಕಾಲೇಜ್ ಬೋರ್ಡ್ ಹೇಳುತ್ತೆ. ಪೂರ್ತಿ ಪೆಲ್ ಸಿಗೋ ವಿದ್ಯಾರ್ಥಿನಿಗೆ ಫೀಸು ಕಳೆದು 3,345 ಡಾಲರ್ ಉಳಿಯುತ್ತೆ. ಓದಿನ ಒಂಬತ್ತು ತಿಂಗಳಿಗೆ ಹಂಚಿದ್ರೆ ತಿಂಗಳಿಗೆ ಸುಮಾರು 370 ಡಾಲರ್. ಇದರಲ್ಲೇ ಮನೆ ಬಾಡಿಗೆ, ಊಟ, ಓಡಾಟ, ಪುಸ್ತಕ ಎಲ್ಲ. ಅಮೆರಿಕದ ಯಾವ ಊರಲ್ಲೂ ಇದು ಸಾಲಲ್ಲ. ಅಂದ್ರೆ ಕಡುಬಡವರ ಪಾಲಿಗೆ ಕಮ್ಯುನಿಟಿ ಕಾಲೇಜಿನ ಫೀಸು ಬಹಳ ಕಡೆ ಮೊದಲೇ ತೀರಿದ ಸಮಸ್ಯೆ. ತೀರದೇ ಇರೋದು ಬದುಕಿನ ಖರ್ಚು.

ಈ ಹಿನ್ನೆಲೆಯಲ್ಲಿ ಟೆನೆಸಿಯನ್ನ ನೋಡಿ. ಬಿಲ್ ಹ್ಯಾಸ್ಲಂ ಅನ್ನೋ ರಿಪಬ್ಲಿಕನ್ ಗವರ್ನರ್ 2014ರಲ್ಲಿ ‘ಟೆನೆಸಿ ಪ್ರಾಮಿಸ್’ ಘೋಷಿಸಿದ್ರು. ಅದಕ್ಕೂ ಮೊದಲು ಅವರು ನಾಕ್ಸ್‌ವಿಲ್ ಊರಿನ ಮೇಯರ್ ಆಗಿದ್ದಾಗ ಅಲ್ಲೇ ಇಂಥದ್ದೊಂದು ಸಣ್ಣ ಪ್ರಯೋಗ ನಡೆದಿತ್ತು. ಯೋಜನೆಯ ನಿಯಮ ಹೀಗಿದೆ: ಪೆಲ್ ಮತ್ತಿತರ ನೆರವುಗಳೆಲ್ಲ ಮೊದಲು ಫೀಸಿಗೆ ಜಮಾ ಆಗಬೇಕು, ಆಮೇಲೂ ಫೀಸು ಬಾಕಿ ಉಳಿದ್ರೆ ಆ ಬಾಕಿಯನ್ನ ಮಾತ್ರ ರಾಜ್ಯ ತುಂಬುತ್ತೆ. ಇದಕ್ಕೆ ‘ಕೊನೆಯ ಡಾಲರ್’ ಪದ್ಧತಿ ಅಂತ ಹೆಸರು.

ಮದುವೆ ಊಟದ ಪಂಕ್ತಿ ನೆನಪು ಮಾಡ್ಕೊಳ್ಳಿ. ಕೊನೆಯಲ್ಲಿ ಬಡಿಸ್ತಾ ಬರೋರಿಗೆ ‘ಎಲೆಯಲ್ಲಿ ಖಾಲಿ ಜಾಗ ಇದ್ರೆ ಮಾತ್ರ ಹಾಕಿ’ ಅಂತ ಹೇಳಿದ್ದಾರೆ ಅಂದುಕೊಳ್ಳಿ. ಎಲೆಯನ್ನ ಫೀಸಿನ ಅಳತೆಗೇ ಕತ್ತರಿಸಿಟ್ಟಿದ್ದಾರೆ. ಬಡ ವಿದ್ಯಾರ್ಥಿನಿಯ ಎಲೆ ಪೆಲ್‌ನಿಂದ ಆಗಲೇ ತುಂಬಿದೆ, ಹಾಗಾಗಿ ಪ್ರಾಮಿಸ್ ಅವಳನ್ನ ದಾಟಿ ಮುಂದೆ ಹೋಗುತ್ತೆ. ಪಕ್ಕದಲ್ಲಿ ಕೂತ ಹುಡುಗನ ಅಪ್ಪ-ಅಮ್ಮ ಇಬ್ಬರಿಗೂ ಒಳ್ಳೆ ಸಂಬಳ, ಅವನಿಗೆ ಪೆಲ್ ಇಲ್ಲ, ಎಲೆ ಖಾಲಿ. ಅವನಿಗೆ ಪೂರ್ತಿ ಬಡಿಸ್ತಾರೆ. ಇಬ್ಬರ ಫೀಸೂ ಸೊನ್ನೆ ಆಯ್ತು, ಸರಿ. ಆದ್ರೆ ರಾಜ್ಯದ ಹೊಸ ದುಡ್ಡು ಹೋದದ್ದು ಯಾರಿಗೆ?

ಇದನ್ನ ಕೇಳಿದ ತಕ್ಷಣ ‘ಹಾಗಾದ್ರೆ ಯೋಜನೆ ಬರೀ ನಾಟಕ’ ಅಂತ ತೀರ್ಪು ಕೊಡೋದು ಸುಲಭ. ನಾನು ಆ ಮಾತು ಒಪ್ಪಲ್ಲ. ಯಾಕಂದ್ರೆ 2015ರ ಶರತ್ಕಾಲದಲ್ಲಿ, ಯೋಜನೆಯ ಮೊದಲ ವರ್ಷವೇ, ಟೆನೆಸಿಯ ಕಮ್ಯುನಿಟಿ ಕಾಲೇಜುಗಳಿಗೆ ಹೊಸದಾಗಿ ಸೇರಿದವರ ಸಂಖ್ಯೆ ಸುಮಾರು 25 ಪರ್ಸೆಂಟ್ ಏರಿತು. ಅವರಲ್ಲಿ ಬಡವರ ಮಕ್ಕಳೂ ಇದ್ರು. ಅವರಿಗೆ ಪೆಲ್ ಗ್ರಾಂಟ್ ಹಿಂದೆಯೂ ಸಿಗಬಹುದಾಗಿತ್ತು, ಆದ್ರೆ ಅದು ಅವರ ಮನೆಗಳಿಗೆ ಗೊತ್ತಿರಲಿಲ್ಲ, ಗೊತ್ತಿದ್ರೂ ನಂಬಿಕೆ ಇರಲಿಲ್ಲ. ‘ನಿನ್ನ ಕುಟುಂಬದ ಆದಾಯ ಇಷ್ಟಿದ್ದು, ಇಂಥ ಫಾರ್ಮ್ ತುಂಬಿಸಿ, ಅದು ಪರಿಶೀಲನೆ ಆದ ಮೇಲೆ, ಇಷ್ಟರಿಂದ ಇಷ್ಟರವರೆಗೆ ನೆರವು ಸಿಗಬಹುದು’ ಅನ್ನೋದು ಒಂದು ಮಾತು. ‘ಕಾಲೇಜು ಫ್ರೀ, ಬಾ’ ಅನ್ನೋದು ಇನ್ನೊಂದು. ಎರಡನೆಯದು ಹದಿನೇಳು ವರ್ಷದ ಹುಡುಗಿಗೂ ಅವಳ ಅಜ್ಜಿಗೂ ಒಂದೇ ಸಲಕ್ಕೆ ಅರ್ಥ ಆಗುತ್ತೆ. ಪ್ರಾಮಿಸ್‌ಗೆ ಅರ್ಜಿ ಹಾಕಬೇಕಂದ್ರೆ ಕೇಂದ್ರದ ನೆರವಿನ ಅರ್ಜಿಯನ್ನೂ ತುಂಬಲೇಬೇಕು. ಅದನ್ನ ‘ಫಾಫ್ಸಾ’ ಅಂತಾರೆ. ಇದರಿಂದಾಗಿ ಟೆನೆಸಿ ಆ ಅರ್ಜಿ ತುಂಬೋದ್ರಲ್ಲಿ ದೇಶದ ಮುಂಚೂಣಿ ರಾಜ್ಯಗಳಲ್ಲಿ ಒಂದಾಯ್ತು. ಪ್ರಾಮಿಸ್‌ನ ದುಡ್ಡು ಬಡವರಿಗೆ ಸಿಗಲಿಲ್ಲ, ಆದ್ರೆ ಪ್ರಾಮಿಸ್‌ನ ಡಂಗುರ ಕೇಳಿ ಬಂದವರಿಗೆ ಪೆಲ್ ದುಡ್ಡು ಸಿಕ್ಕಿತು. ಇದು ಸಣ್ಣ ಲಾಭ ಅಲ್ಲ.

ಆದ್ರೆ ಡಂಗುರ ಬಾಗಿಲ ತನಕ ಕರ್ಕೊಂಡು ಬರುತ್ತೆ, ಒಳಗೆ ಉಳಿಸಿಕೊಳ್ಳಲ್ಲ. ಮೊದಲ ವರ್ಷ ಪ್ರಾಮಿಸ್‌ಗೆ ಅರ್ಜಿ ಹಾಕಿದೋರು 58 ಸಾವಿರ ಚಿಲ್ಲರೆ, ಅದರಡಿ ಕಾಲೇಜಿಗೆ ಸೇರಿದೋರು 16 ಸಾವಿರ ಚಿಲ್ಲರೆ. ಎಲ್ಲರೂ ಸೋತು ಬಿಟ್ಟವರಲ್ಲ, ಕೆಲವರು ನೇರವಾಗಿ ನಾಲ್ಕು ವರ್ಷದ ವಿಶ್ವವಿದ್ಯಾಲಯಗಳಿಗೆ ಹೋದ್ರು. ಆದ್ರೆ ಷರತ್ತುಗಳ ಪಟ್ಟಿ ನೋಡಿ. ಹೈಸ್ಕೂಲ್ ಮುಗಿದ ಕೂಡಲೇ ಸೇರಬೇಕು. ಪೂರ್ಣಾವಧಿ ಓದಬೇಕು. ಮಾರ್ಗದರ್ಶಕರ ಸಭೆಗೆ ಹೋಗಬೇಕು. ಪ್ರತಿ ಸೆಮಿಸ್ಟರಿಗೂ ಮೊದಲು ಎಂಟು ಗಂಟೆ ಸಮಾಜಸೇವೆ ಮಾಡಿ ದಾಖಲೆ ಕೊಡಬೇಕು. ಒಂದೊಂದಾಗಿ ನೋಡಿದ್ರೆ ಯಾವುದೂ ಅನ್ಯಾಯ ಅನ್ನಿಸಲ್ಲ. ಆದ್ರೆ ವಾರಕ್ಕೆ ಮೂವತ್ತು ಗಂಟೆ ದುಡಿದು ಮನೆ ಬಾಡಿಗೆಗೆ ಪಾಲು ಕೊಡೋ ಹುಡುಗಿಗೆ ಪೂರ್ಣಾವಧಿ ಓದು ಅನ್ನೋ ಒಂದೇ ಷರತ್ತು ಸಾಕು. ಆಮೇಲೆ 2018ರಲ್ಲಿ ‘ಟೆನೆಸಿ ರೀಕನೆಕ್ಟ್’ ಅಂತ ವಯಸ್ಕರಿಗೂ ಯೋಜನೆ ವಿಸ್ತರಿಸಿದ್ರು. ಅಲ್ಲಿ ಅರ್ಧಾವಧಿಗೂ ಅವಕಾಶ ಇದೆ. ದುಡ್ಡಿನ ಕ್ರಮ ಮಾತ್ರ ಅದೇ, ಕೊನೆಯ ಡಾಲರ್.

ಇನ್ನೊಂದು ಮಾತು ಹೇಳದೇ ಮುಂದೆ ಹೋಗೋಕೆ ಮನಸ್ಸಿಲ್ಲ. ಟೆನೆಸಿ ಪ್ರಾಮಿಸ್‌ಗೆ ದುಡ್ಡು ಎಲ್ಲಿಂದ? ರಾಜ್ಯ ಲಾಟರಿಯ ಮೀಸಲು ನಿಧಿಯಿಂದ. ಲಾಟರಿಗೆ ತಮ್ಮ ಆದಾಯದ ದೊಡ್ಡ ಪಾಲು ಸುರಿಯೋದು ಬಡವರೇ ಅನ್ನೋದು ಅಲ್ಲಿ ಹಲವು ಅಧ್ಯಯನಗಳು ತೋರಿಸಿದ ಸತ್ಯ. 2007ರಲ್ಲಿ ಲಾಟರಿ ನಿಷೇಧಿಸಿದ ಕರ್ನಾಟಕದೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಂದ್ರೆ ಪೆಟ್ರೋಲ್ ಬಂಕಿನಲ್ಲಿ ಟಿಕೆಟ್ ಕೊಂಡ ಕೂಲಿಯವನ ದುಡ್ಡು ಸುತ್ತಿ ಬಳಸಿ ಅನುಕೂಲಸ್ಥರ ಮಗನ ಫೀಸಿಗೆ ಹೋಗೋ ಸಾಧ್ಯತೆ ಇದೆ. ಇದರ ಪಕ್ಕದಲ್ಲಿ ಮ್ಯಾಸಚೂಸೆಟ್ಸ್ ಇಟ್ಟು ನೋಡಿ. ಅಲ್ಲಿ 2022ರಲ್ಲಿ ಜನರೇ ಮತ ಹಾಕಿ, ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ 4 ಪರ್ಸೆಂಟ್ ಹೆಚ್ಚುವರಿ ತೆರಿಗೆ ಒಪ್ಪಿಕೊಂಡ್ರು. ಶಿಕ್ಷಣಕ್ಕೂ ಸಾರಿಗೆಗೂ ಮೀಸಲಾದ ಆ ದುಡ್ಡಿನಲ್ಲಿ 2024ರಿಂದ ಎಲ್ಲ ವಯಸ್ಸಿನೋರಿಗೂ ಕಮ್ಯುನಿಟಿ ಕಾಲೇಜು ಉಚಿತ. ಜೊತೆಗೆ ಕಡಿಮೆ ಮತ್ತು ಮಧ್ಯಮ ಆದಾಯದೋರಿಗೆ ಪುಸ್ತಕ ಮತ್ತಿತರ ಖರ್ಚಿಗೆ ವರ್ಷಕ್ಕೆ 1,200 ಡಾಲರ್‌ವರೆಗೆ. ಅಲ್ಲೂ ಫೀಸಿಗೆ ಕೊನೆಯ ಡಾಲರ್ ಪದ್ಧತಿಯೇ, ಆದ್ರೆ ಎಲೆಯನ್ನ ಸ್ವಲ್ಪ ದೊಡ್ಡದು ಮಾಡಿದ್ದಾರೆ.

ಎಲೆ ದೊಡ್ಡದು ಮಾಡೋ ದಾರಿ ಒಂದೇ ಅಲ್ಲ. ಒರೆಗಾನ್ 2016ರಲ್ಲಿ ಶುರು ಮಾಡಿದಾಗ, ಪೆಲ್‌ನಿಂದಲೇ ಫೀಸು ಪೂರ್ತಿ ತೀರಿದೋರಿಗೂ ಕನಿಷ್ಠ 1,000 ಡಾಲರ್ ಕೊಡಬೇಕು ಅಂತ ನಿಯಮ ಮಾಡಿತು. ಆದರೂ ದೊಡ್ಡ ಪಾಲು ಅನುಕೂಲಸ್ಥರಿಗೇ ಹೋಯ್ತು. ಮರುವರ್ಷ ದುಡ್ಡು ಸಾಲದೆ ಮೇಲಿನ ಆದಾಯದೋರನ್ನ ಯೋಜನೆಯಿಂದ ಕೈಬಿಡಬೇಕಾಯ್ತು. ನ್ಯೂ ಮೆಕ್ಸಿಕೋ ಇನ್ನೂ ನೇರ ದಾರಿ ಹಿಡಿಯಿತು. 2022ರ ಕಾನೂನಿನ ಪ್ರಕಾರ ಅಲ್ಲಿ ರಾಜ್ಯದ ದುಡ್ಡು ಮೊದಲು ಫೀಸು ತೀರಿಸುತ್ತೆ, ಪೆಲ್ ಹಾಗೇ ಉಳಿಯುತ್ತೆ. ಪಂಕ್ತಿಯಲ್ಲಿ ಬಡಿಸೋ ಕ್ರಮ ಬದಲಾಯಿಸಿದ್ರು, ಅಷ್ಟೇ. ಅದೇ ಬಡ ವಿದ್ಯಾರ್ಥಿನಿಯ ಕೈಯಲ್ಲಿ ಈಗ 3,345ರ ಬದಲು ಪೂರ್ತಿ 7,395 ಡಾಲರ್.

ಈ ಕ್ರಮ ಹೊಸದೇನಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ 1984ರವರೆಗೆ ಬೋಧನಾ ಶುಲ್ಕವೇ ಇರಲಿಲ್ಲ. ಆ ವರ್ಷ ಮೊದಲ ಸಲ ಫೀಸು ಹಾಕಿದಾಗ, ಅದರ ಜೊತೆಯಲ್ಲೇ ಬಡ ವಿದ್ಯಾರ್ಥಿಗಳಿಗೆ ಫೀಸು ಮನ್ನಾ ಮಾಡೋ ಯೋಜನೆಯನ್ನೂ ತಂದ್ರು. ಈಗ ಅದರ ಹೆಸರು ‘ಕ್ಯಾಲಿಫೋರ್ನಿಯಾ ಕಾಲೇಜ್ ಪ್ರಾಮಿಸ್ ಗ್ರಾಂಟ್’. ಹೆಸರಿನಲ್ಲಿ ಪ್ರಾಮಿಸ್ ಇದ್ದರೂ ಟೆನೆಸಿಯದ್ದಕ್ಕೆ ತೀರಾ ಉಲ್ಟಾ. ಇಲ್ಲಿ ಬಡವರಿಗೆ ಫೀಸು ಹಾಕೋದೇ ಇಲ್ಲ, ಪೆಲ್‌ನಿಂದ ಹಿಡಿದುಕೊಳ್ಳೋ ಪ್ರಶ್ನೆಯೂ ಇಲ್ಲ. ಫೀಸೂ ಕಡಿಮೆ: 2012ರಿಂದ ಯೂನಿಟ್‌ಗೆ 46 ಡಾಲರ್, ವರ್ಷಕ್ಕೆ 30 ಯೂನಿಟ್ ಅಂದ್ರೆ 1,380. ಇಷ್ಟಾದರೂ ಕ್ಯಾಲಿಫೋರ್ನಿಯಾದಲ್ಲಿ ಕಾರಿನಲ್ಲೇ ಮಲಗಿ ಕ್ಲಾಸಿಗೆ ಹೋಗೋ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಅವರಿಗೆ ರಾತ್ರಿ ಕಾಲೇಜಿನ ಪಾರ್ಕಿಂಗ್ ಜಾಗ ಬಿಟ್ಟುಕೊಡಬೇಕೋ ಬೇಡವೋ ಅಂತ ಅಲ್ಲಿನ ವಿಧಾನಸಭೆಯಲ್ಲಿ 2019ರಲ್ಲಿ ಮಸೂದೆಯೇ ಚರ್ಚೆಗೆ ಬಂದಿತ್ತು. ಪೂರ್ತಿ ಪೆಲ್ ಕೈಗೆ ಬಂದ್ರೂ ಅಲ್ಲಿನ ಬಾಡಿಗೆಗೆ ಅದು ಯಾವ ಮೂಲೆಗೂ ಸಾಲಲ್ಲ.

ಹಾಗಾದ್ರೆ ಯಾವುದು ಕೆಲಸ ಮಾಡುತ್ತೆ? ಇದಕ್ಕೆ ಒಂದು ಗಟ್ಟಿ ಸಾಕ್ಷಿ ಇದೆ, ನ್ಯೂಯಾರ್ಕ್ ನಗರದ್ದು. ಅಲ್ಲಿನ ಸಿಟಿ ಯೂನಿವರ್ಸಿಟಿ 2007ರಲ್ಲಿ ನಗರಪಾಲಿಕೆಯ ನೆರವಿನಿಂದ ತನ್ನ ಕಮ್ಯುನಿಟಿ ಕಾಲೇಜುಗಳಲ್ಲಿ ‘ಎಎಸ್‌ಎಪಿ’ ಅನ್ನೋ ಕಾರ್ಯಕ್ರಮ ಶುರು ಮಾಡಿತು. ಫೀಸಿನ ಬಾಕಿ ತುಂಬೋದು ಅದರ ಒಂದು ಭಾಗ ಮಾತ್ರ. ಜೊತೆಗೆ ಪಠ್ಯಪುಸ್ತಕದ ಖರ್ಚು, ತಿಂಗಳ ಮೆಟ್ರೋ-ಬಸ್ ಪಾಸು, ಮತ್ತು ಒಬ್ಬ ಸಲಹೆಗಾರರು. ಸಲಹೆಗಾರರು ಅಂದ್ರೆ ಬೋರ್ಡಿನಲ್ಲಿ ಹೆಸರು ಬರೆದು ಕೂತೋರಲ್ಲ. ಅಲ್ಲಿನ ಕಾಲೇಜುಗಳಲ್ಲಿ ಮಾಮೂಲಿಯಾಗಿ ಒಬ್ಬ ಸಲಹೆಗಾರರಿಗೆ 600ರಿಂದ 1,500 ವಿದ್ಯಾರ್ಥಿಗಳಿದ್ರೆ, ಇಲ್ಲಿ 60ರಿಂದ 80. ಹೆಸರು ಗೊತ್ತಿರುತ್ತೆ, ಮನೆ ಕಷ್ಟ ಗೊತ್ತಿರುತ್ತೆ, ಎರಡು ವಾರ ಕಾಣದಿದ್ರೆ ಫೋನ್ ಬರುತ್ತೆ. ಕಾರ್ಯಕ್ರಮದಲ್ಲಿ ತೊಡಗಿಸಿಕೊಂಡಿದ್ರೆ ಮಾತ್ರ ತಿಂಗಳ ಪಾಸು. ಪಾಸಿಗೋಸ್ಕರ ಬಂದೋರು ಮಾತಾಡಿಕೊಂಡು ಹೋಗ್ತಿದ್ರು. ನನಗೆ ತುಂಬಾ ಹಿಡಿಸಿದ್ದು ಈ ಸಣ್ಣ ಉಪಾಯವೇ.

ಎಂಡಿಆರ್‌ಸಿ ಅನ್ನೋ ಸಂಶೋಧನಾ ಸಂಸ್ಥೆ ಇದನ್ನ ಪರೀಕ್ಷೆ ಮಾಡಿತು. ವಿದ್ಯಾರ್ಥಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪನ್ನ ಈ ಕಾರ್ಯಕ್ರಮಕ್ಕೆ ಸೇರಿಸಿ, ಇನ್ನೊಂದನ್ನ ಮಾಮೂಲಿ ವ್ಯವಸ್ಥೆಯಲ್ಲೇ ಬಿಟ್ಟು, ಮೂರು ವರ್ಷ ಕಾದು ನೋಡಿತು. ಮಾಮೂಲಿ ಗುಂಪಿನಲ್ಲಿ 22 ಪರ್ಸೆಂಟ್ ಜನ ಪದವಿ ಮುಗಿಸಿದ್ರು, ಕಾರ್ಯಕ್ರಮದ ಗುಂಪಿನಲ್ಲಿ 40 ಪರ್ಸೆಂಟ್. ಶಿಕ್ಷಣದ ಪ್ರಯೋಗಗಳಲ್ಲಿ ಎರಡು-ಮೂರು ಪರ್ಸೆಂಟ್ ಹೆಚ್ಚಾದ್ರೂ ಹಬ್ಬ ಮಾಡೋ ಜಾಗ ಅದು, ಇಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು. ‘ನ್ಯೂಯಾರ್ಕ್‌ನಲ್ಲಿ ಆಯ್ತು, ಬೇರೆ ಕಡೆ ಆಗಲ್ಲ’ ಅಂದ್ರು. ಒಹಾಯೊ ರಾಜ್ಯದ ಮೂರು ಕಾಲೇಜುಗಳಲ್ಲಿ ಮಾಡಿ ನೋಡಿದ್ರು, ಅಲ್ಲೂ ಹತ್ತಿರ ಹತ್ತಿರ ದುಪ್ಪಟ್ಟಾಯ್ತು. ತಲಾ ವಿದ್ಯಾರ್ಥಿಗೆ ಖರ್ಚು ಮಾಮೂಲಿಗಿಂತ ಬಹಳ ಜಾಸ್ತಿ, ಅದು ನಿಜ. ಆದ್ರೆ ನ್ಯೂಯಾರ್ಕ್‌ನಲ್ಲಿ ಒಂದು ಪದವಿ ಕೈಗೆ ಬರೋಕೆ ಆದ ಖರ್ಚು ಲೆಕ್ಕ ಹಾಕಿದಾಗ ಅದು ಮಾಮೂಲಿಗಿಂತ ಕಡಿಮೆಯೇ ಇತ್ತು. ಯಾಕಂದ್ರೆ ಮಾಮೂಲಿ ವ್ಯವಸ್ಥೆಯಲ್ಲಿ ಅರ್ಧಕ್ಕೆ ಬಿಟ್ಟುಹೋಗೋರ ಮೇಲೆ ಮಾಡಿದ ಖರ್ಚಿಗೆ ಪದವಿಯೇ ಬರಲ್ಲ.

ಅರ್ಧಕ್ಕೆ ಬಿಟ್ಟೋರ ಕತೆ ಇನ್ನೂ ಇದೆ, ಅದು ಯಾವ ಜಾಹೀರಾತಿನಲ್ಲೂ ಇರಲ್ಲ. ಪೆಲ್ ತಗೊಂಡ ವಿದ್ಯಾರ್ಥಿ ಸೆಮಿಸ್ಟರಿನ 60 ಪರ್ಸೆಂಟ್ ಅವಧಿ ದಾಟೋ ಮೊದಲೇ ಎಲ್ಲ ಕ್ಲಾಸುಗಳನ್ನ ಬಿಟ್ಟುಹೋದ್ರೆ, ಬಂದ ಹಣದ ಒಂದು ಭಾಗವನ್ನ ಸರ್ಕಾರಕ್ಕೆ ವಾಪಸ್ ಕೊಡಬೇಕು. ಕಾಲೇಜು ತನ್ನ ಪಾಲು ವಾಪಸ್ ಕಟ್ಟಿ, ಆ ಮೊತ್ತವನ್ನ ಸಾಮಾನ್ಯವಾಗಿ ವಿದ್ಯಾರ್ಥಿಯ ಹೆಸರಿಗೆ ಬಾಕಿ ಅಂತ ಬರೆದುಕೊಳ್ಳುತ್ತೆ. ತಾಯಿಗೆ ಕಾಯಿಲೆ ಬಂತು, ಕಾರು ಕೆಟ್ಟಿತು, ಕೆಲಸದ ಶಿಫ್ಟ್ ಬದಲಾಯ್ತು ಅಂತ ಏಳನೇ ವಾರದಲ್ಲಿ ಬಿಟ್ಟವಳು, ‘ಫ್ರೀ ಕಾಲೇಜಿ’ನಿಂದ ಸಾಲಗಾರಳಾಗಿ ಹೊರಗೆ ಬರ್ತಾಳೆ. ಮತ್ತೆ ಸೇರಬೇಕಂದ್ರೆ ಮೊದಲು ಆ ಬಾಕಿ ತೀರಿಸು ಅನ್ನೋ ಕಾಲೇಜುಗಳೇ ಹೆಚ್ಚು. ಕಾರಿನ ರಿಪೇರಿಗೆ ಆ ಹೊತ್ತಿಗೆ ಮುನ್ನೂರು ಡಾಲರ್ ಸಿಕ್ಕಿದ್ರೆ ಅವಳು ಉಳಿಯುತ್ತಿದ್ದಳೇನೋ. ಇದಕ್ಕೇ ಈಗ ಹಲವು ಕಾಲೇಜುಗಳು ತುರ್ತು ನೆರವು ಅಂತ ಸಣ್ಣ ಮೊತ್ತ ಇಟ್ಟುಕೊಳ್ತಿವೆ.

ಊಟದ ವಿಷಯದಲ್ಲೂ ಇಂಥದ್ದೇ ಗಂಟು. ಅಮೆರಿಕದಲ್ಲಿ ನಮ್ಮ ಪಡಿತರಕ್ಕೆ ಹೋಲಿಸಬಹುದಾದ ‘ಸ್ನ್ಯಾಪ್’ ಯೋಜನೆ ಇದೆ, ಬಡ ಕುಟುಂಬಗಳಿಗೆ ದಿನಸಿ ಕೊಳ್ಳೋಕೆ ಕಾರ್ಡು ಕೊಡ್ತಾರೆ. ಆದ್ರೆ ಅರ್ಧಾವಧಿ ಅಥವಾ ಅದಕ್ಕಿಂತ ಹೆಚ್ಚು ಓದೋ ಕಾಲೇಜು ವಿದ್ಯಾರ್ಥಿಗೆ ಅದು ಸಿಗಬೇಕಂದ್ರೆ ವಾರಕ್ಕೆ 20 ಗಂಟೆ ದುಡಿಯಬೇಕು, ಇಲ್ಲಾ ವಿನಾಯಿತಿ ಪಟ್ಟಿಯಲ್ಲಿ ಬರಬೇಕು. ಒಂದು ಕಡೆ ಸ್ಕಾಲರ್‌ಶಿಪ್ ‘ಪೂರ್ಣಾವಧಿ ಓದು’ ಅನ್ನುತ್ತೆ, ಇನ್ನೊಂದು ಕಡೆ ದಿನಸಿ ಕಾರ್ಡು ‘ಮೊದಲು ದುಡಿ’ ಅನ್ನುತ್ತೆ. ಅರ್ಹತೆ ಇರಬಹುದಾದ ಸುಮಾರು 20 ಲಕ್ಷ ವಿದ್ಯಾರ್ಥಿಗಳು ಈ ನೆರವು ಪಡೆದಿಲ್ಲ ಅಂತ ಅಲ್ಲಿನ ಕೇಂದ್ರ ಲೆಕ್ಕಪರಿಶೋಧನಾ ಸಂಸ್ಥೆಯೇ 2018ರ ವರದಿಯಲ್ಲಿ ಹೇಳಿತು.

ದೇಶಕ್ಕೆಲ್ಲ ಒಂದೇ ಯೋಜನೆ ತರೋ ಪ್ರಯತ್ನ ಆಗಲಿಲ್ಲವಾ ಅಂತ ಕೇಳಬಹುದು. ಆಯ್ತು, ಎರಡು ಸಲ. ಒಬಾಮ 2015ರ ಜನವರಿಯಲ್ಲಿ ಟೆನೆಸಿಯ ನಾಕ್ಸ್‌ವಿಲ್‌ಗೇ ಹೋಗಿ, ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ನಿಂತು ತಮ್ಮ ಪ್ರಸ್ತಾಪ ಇಟ್ಟರು. ಅವರ ಪ್ರಸ್ತಾಪ ಟೆನೆಸಿಯದ್ದಕ್ಕಿಂತ ಉದಾರವಾಗಿತ್ತು, ಪೆಲ್ ಮುಟ್ಟದೆ ಫೀಸು ತೀರಿಸೋದು. ಸಂಸತ್ತು ಒಪ್ಪಲಿಲ್ಲ. 2021ರಲ್ಲಿ ಬೈಡನ್ ಮತ್ತೆ ತಂದ್ರು. ಅವರ ಪತ್ನಿ ಜಿಲ್ ಬೈಡನ್ ಆಗ ಸ್ವತಃ ಕಮ್ಯುನಿಟಿ ಕಾಲೇಜಿನ ಮೇಷ್ಟ್ರಾಗಿದ್ರು. ಆದರೂ ಸೆನೆಟ್‌ನ ಚೌಕಾಸಿಯಲ್ಲಿ ಮೊದಲು ಬಿದ್ದುಹೋದ ಬಾಬತ್ತುಗಳಲ್ಲಿ ಅದೂ ಒಂದು. ಹಾಗಾಗಿ ಈಗಲೂ ಯಾವ ರಾಜ್ಯದಲ್ಲಿ ಹುಟ್ಟಿದೆ ಅನ್ನೋದರ ಮೇಲೆ ಎಲೆಯ ಅಳತೆ.

ಅಲ್ಲಿರೋ ಕನ್ನಡದ ಮನೆಗಳಿಗೆ ಒಂದು ಮಾತು. ಎಚ್-1ಬಿ ವೀಸಾದಲ್ಲಿ ಇರೋರ ಮಕ್ಕಳು, ಅಂದ್ರೆ ಎಚ್-4 ವೀಸಾದೋರು, ಎಷ್ಟೇ ವರ್ಷದಿಂದ ಅಲ್ಲೇ ಓದಿದ್ರೂ ಪೆಲ್ ಗ್ರಾಂಟಿಗೆ ಅರ್ಹರಲ್ಲ. ನಾಗರಿಕತ್ವ, ಗ್ರೀನ್ ಕಾರ್ಡ್ ಅಥವಾ ಕಾನೂನು ಹೇಳಿದ ಕೆಲವೇ ಬೇರೆ ಸ್ಥಾನಮಾನ ಬೇಕು. ರಾಜ್ಯದ ಯೋಜನೆಗಳಲ್ಲಿ ನಿಯಮ ಒಂದೊಂದು ಕಡೆ ಒಂದೊಂದು ಥರ. ಹಾಗಾಗಿ ‘ಫ್ರೀ ಅಂತೆ’ ಅನ್ನೋ ಮಾತು ನಂಬಿ ಕೂರೋ ಬದಲು ಕಾಲೇಜಿನ ನೆರವಿನ ವಿಭಾಗದಲ್ಲೇ ಕೇಳೋದು ಒಳ್ಳೇದು.

ನಮ್ಮ ರಾಜ್ಯದ ಜೊತೆ ಹೋಲಿಸದೇ ಇರೋಕೆ ಆಗಲ್ಲ. ಕರ್ನಾಟಕದಲ್ಲಿ ಶುಲ್ಕ ವಿನಾಯಿತಿ ಒಂದು ಬಾಬತ್ತು, ಊಟ-ವಸತಿ ಇನ್ನೊಂದು ಬಾಬತ್ತು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ‘ವಿದ್ಯಾಸಿರಿ’ ಇದೆಯಲ್ಲ, 2013-14ರಲ್ಲಿ ಶುರುವಾದದ್ದು, ಅದು ಹಾಸ್ಟೆಲ್ ಸೀಟು ಸಿಗದ ವಿದ್ಯಾರ್ಥಿಗಳ ಊಟ ಮತ್ತು ವಸತಿಗೆ. ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000. ಈ ದುಡ್ಡಿನಲ್ಲಿ ಬೆಂಗಳೂರಿನಲ್ಲಿ ಪಿಜಿ ಬಿಡಿ, ತಾಲ್ಲೂಕು ಕೇಂದ್ರದಲ್ಲೂ ರೂಮು, ಮೆಸ್ಸು ಎರಡೂ ಆಗಲ್ಲ. ಆದ್ರೆ ಯೋಜನೆ ಹಿಡಿದ ದಾರಿ ಸರಿ ಇದೆ. ಕಾಲೇಜಿಗೆ ಸೇರಿದ ಹುಡುಗನಿಗೆ ಹೊಟ್ಟೆಯೂ ಇದೆ ಅನ್ನೋದನ್ನ ಅದು ಲೆಕ್ಕಕ್ಕೆ ತಗೊಂಡಿದೆ. ಟೆನೆಸಿ ಕೊಡೋ ದುಡ್ಡು ದೊಡ್ಡದು, ಆದ್ರೆ ಈ ಒಂದು ಅಂಕಣ ಅದರ ಲೆಕ್ಕದಲ್ಲಿ ಇಲ್ಲ.

ಮುಗಿಸೋಕೆ ಮುಂಚೆ, ಈಗ ಆಗ್ತಿರೋ ಬದಲಾವಣೆ. 2025ರ ಜುಲೈ 4ರಂದು ಟ್ರಂಪ್ ಸಹಿ ಮಾಡಿದ ದೊಡ್ಡ ಬಜೆಟ್ ಕಾನೂನಿನಲ್ಲಿ ಪೆಲ್ ಗ್ರಾಂಟನ್ನ ಎಂಟರಿಂದ ಹದಿನೈದು ವಾರದ ಸಣ್ಣ ಉದ್ಯೋಗ ತರಬೇತಿ ಕೋರ್ಸುಗಳಿಗೂ ವಿಸ್ತರಿಸಿದ್ದಾರೆ. ಜಾರಿ ದಿನಾಂಕ 2026ರ ಜುಲೈ 1. ಕಮ್ಯುನಿಟಿ ಕಾಲೇಜುಗಳು ಇದನ್ನ ಬಹಳ ವರ್ಷದಿಂದ ಕೇಳ್ತಿದ್ವು. ಎರಡು ವರ್ಷ ಕಾಯೋಕೆ ಆಗದೋರಿಗೆ ಇದು ಅನುಕೂಲ. ಆದ್ರೆ ಪೆಲ್ ಜೀವಮಾನಕ್ಕೆ ಪೂರ್ಣಾವಧಿ ಓದಿನ ಹನ್ನೆರಡು ಸೆಮಿಸ್ಟರಿನಷ್ಟು ಮಾತ್ರ. ಸಣ್ಣ ಕೋರ್ಸಿಗೆ ತಗೊಂಡದ್ದೂ ಆ ಲೆಕ್ಕದಲ್ಲೇ ಕಳೆಯುತ್ತೆ. ಎರಡು ತಿಂಗಳ ಕೋರ್ಸ್ ಮುಗಿಸಿದೋರಿಗೆ ಸಿಗೋ ಕೆಲಸದ ಸಂಬಳ ಎಷ್ಟಿರುತ್ತೆ, ಅವರಲ್ಲಿ ಎಷ್ಟು ಜನ ಮುಂದೆ ಪದವಿಗೆ ವಾಪಸ್ ಬರ್ತಾರೆ ಅನ್ನೋದು ಅಂಕಿಅಂಶ ಬಂದ ಮೇಲೆ ತಿಳಿಯುತ್ತೆ. ಬಂದಾಗ ಈ ವಿಷಯಕ್ಕೆ ಮತ್ತೆ ಬರ್ತೀನಿ.